ಬಾಗಿಲಿಗೆ ಬೆನ್ನು

ಇಬ್ಬರು ಗಂಡಸರು ಹೊಲಿಗೆ ಮಿಷನ್ನನ್ನು ಗೋಡೆಯಿಂದ ಈಚೆಗೆ ಎಳೆದರು. ಕಬ್ಬಿಣದ ಕಾಲು ನೆಲಕ್ಕೆ ಉಜ್ಜಿ ಕಿರ್ರೆಂದಿತು. ಆಗಲೇ ಅಲ್ಲಿದ್ದವರಿಗೆಲ್ಲ ಮೇಜಿನ ಹಿಂಬದಿಯ ಹಲಗೆ ಕಂಡದ್ದು. ಅದರ ಮೇಲೆ ಬಿಳಿಯ ದಪ್ಪ ಅಕ್ಷರಗಳಲ್ಲಿ ಬರೆದಿತ್ತು: ಕೈದಿಗಳ ಕುಟುಂಬ ನೆರವು ಯೋಜನೆ.

ಸತ್ತವಳ ಮಗಳು ಒಳಗಿನಿಂದ ಓಡಿಬಂದು ಅದರ ಮೇಲೊಂದು ಹೊದಿಕೆ ಎಸೆದಳು. ಹೊದಿಕೆ ಜಾರಿ ಬಿತ್ತು. ಮತ್ತೆ ಎತ್ತಿ ಹಾಕಿದಳು.

"ಬಿಡೇ, ಈಗ ಯಾರು ಓದ್ತಾರೆ?" ಎಂದಳು ಪಕ್ಕದ ಮನೆಯ ಅಜ್ಜಿ. ಬೀದಿಯ ಸುದ್ದಿಯನ್ನೆಲ್ಲ ಬಿತ್ತರಿಸುವುದೇ ಕೆಲಸವಾಗಿದ್ದರಿಂದ ಅವಳಿಗೆ ರೇಡಿಯೋ ಅಜ್ಜಿ ಎಂದೇ ಹೆಸರು. "ಓದಿದ್ರೂ ನಮಗೆ ಗೊತ್ತಿಲ್ದೇ ಇರೋದು ಏನಿದೆ ಅದರಲ್ಲಿ?"

"ಗೊತ್ತಿರೋದು ಬೇರೆ, ಓದೋದು ಬೇರೆ ಅಜ್ಜಿ," ಎಂದಳು ಮಗಳು.

ಒಳಕೋಣೆಯಿಂದ ಹೆಣವನ್ನು ತಂದು ಮಿಷನ್ನಿದ್ದ ಜಾಗದಲ್ಲಿ ಮಲಗಿಸಿದರು. ಬಂದವರು ಮುಖ ನೋಡಿ ಒಂದು ಕ್ಷಣ ತಬ್ಬಿಬ್ಬಾಗುತ್ತಿದ್ದರು. ಈ ಬೀದಿಯವರು ಅವಳ ಬೆನ್ನನ್ನು ನೋಡಿದ್ದೇ ಹೆಚ್ಚು. ಬಟ್ಟೆ ಕೊಡಲು ಹೋದರೆ, ಗೋಡೆಗೆ ಮುಖ ಮಾಡಿ, ಬಾಗಿಲಿಗೆ ಬೆನ್ನು ಹಾಕಿ ಕೂತೇ ಇರುತ್ತಿದ್ದಳು. "ಅಲ್ಲೇ ಇಟ್ಟು ಹೋಗಿ, ಶನಿವಾರ ಬನ್ನಿ," ಎಂದು ಗೋಡೆಗೇ ಹೇಳುತ್ತಿದ್ದಳು. ಬೀದಿಯ ಮಕ್ಕಳು ಅವಳಿಗೆ ಬೆನ್ನಕ್ಕ ಎಂದು ಹೆಸರಿಟ್ಟಿದ್ದರು. ದೊಡ್ಡವರ ಬಾಯಲ್ಲೂ ಅದೇ ನಿಂತಿತು.

"ಹೇಗೆ ಆಯ್ತಂತೆ?" ಎಂದು ಬಂದವರೊಬ್ಬರು ಕೇಳಿದರು.

"ಹೊಲೀತಾ ಹೊಲೀತಾನೇ," ಎಂದಳು ರೇಡಿಯೋ ಅಜ್ಜಿ, ದನಿ ತಗ್ಗಿಸಿ. "ನಿನ್ನೆ ಮಧ್ಯಾಹ್ನ ಇವಳು ಬಂದಿದಾಳೆ. ನನ್ನ ಸರದಿ ಆಯ್ತು, ಏಳು ಅಂದಿದಾಳೆ. ಅವಳು ತಲೆ ಬಗ್ಗಿಸ್ಕೊಂಡು ಕೂತಿದ್ದು ನೋಡಿ, ಹೊಲಿಗೆ ಮುಗಿಸ್ಲಿ ಅಂತ ಬಾಗಿಲಲ್ಲೇ ಕಾದಿದಾಳೆ. ಎಷ್ಟೊತ್ತು ಕಾದ್ಳೋ ಏನೋ ಪಾಪ. ಹೆಣದ ಬೆನ್ನು ನೋಡ್ಕೊಂಡು."

'ಇವಳು' ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಬೆಳಗಿನಿಂದ ಅವಳೇ ಎಲ್ಲ ಮಾಡಿದ್ದಳು. ಹೆಣವನ್ನು ಮೀಯಿಸಿದ್ದು, ಕೂದಲು ಬಾಚಿದ್ದು, ಸಡಿಲಾಗಿದ್ದ ರವಿಕೆಗೆ ಎರಡು ಹೊಲಿಗೆ ಹಾಕಿ ಮೈಗೆ ಸರಿಮಾಡಿದ್ದು, ಎಲ್ಲ. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

ಮಗಳು ಹಿತ್ತಿಲಿಗೆ ಬಂದಳು. "ಚಿಕ್ಕಮ್ಮಾ, ಅಪ್ಪನ್ನ ಕರ್ಕೊಂಡು ಬರ್ತಿದಾರಂತೆ. ಸಂಜೆವರೆಗೂ ಬಿಟ್ಟಿದಾರೆ."

ಹಿಂಡುವ ಕೈ ನಿಂತಿತು.

"ನೀವು ಬೇಕಾದ್ರೆ ಮನೆಗೆ ಹೋಗಿ. ಮಣ್ಣಾದ್ಮೇಲೆ ನಾನೇ ಬಂದು..."

"ಯಾಕೆ ಹೋಗ್ಲಿ?" ಎಂದಳು ಅವಳು. "ಮಧ್ಯಾಹ್ನದ ಹೊತ್ತು ಈ ಮನೇಲಿ ನಂದು."

*

ಮಗಳು ಇನ್ನೂ ಒಂದನೇ ತರಗತಿಯಲ್ಲಿದ್ದಾಗ ಅವಳ ಅಪ್ಪ ಲಾರಿ ರಿಪೇರಿ ಶೆಡ್ಡಿನಲ್ಲಿ ಜೊತೆಗಾರನ ತಲೆಗೆ ಜಾಕಿನ ರಾಡಿನಿಂದ ಹೊಡೆದ. ಒಂದೇ ಏಟು. ಜೊತೆಗಾರ ಆಸ್ಪತ್ರೆಯ ಬಾಗಿಲನ್ನೂ ಮುಟ್ಟಲಿಲ್ಲ. ಜಗಳ ಯಾತಕ್ಕೆ ಎನ್ನುವುದು ಕೋರ್ಟಿನಲ್ಲೂ ನೆಟ್ಟಗೆ ಗೊತ್ತಾಗಲಿಲ್ಲ. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು. ಜೀವಾವಧಿ ಎಂದರು.

ಆಮೇಲೆ ನೆರವು ಬಂತು. ಮಗಳ ಶಾಲೆಯ ಫೀಸು, ಹೆಂಡತಿಗೆ ಒಂದು ಹೊಲಿಗೆ ಮಿಷನ್ನು. ಸಭಾಭವನದಲ್ಲಿ ವೇದಿಕೆಗೆ ಕರೆದು ಕೊಟ್ಟರು. ಫೋಟೋ ತೆಗೆಯುವವನು "ಅಕ್ಕಾ, ಸ್ವಲ್ಪ ನಗಿ" ಎಂದಾಗ ಅವಳು ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು. ಅಕ್ಷರ ಅಳಿಸಬಾರದು, ಮಿಷನ್ನು ಮಾರಬಾರದು, ಬೇರೆಯವರ ಕೈಗೆ ಕೊಡಬಾರದು, ವರ್ಷಕ್ಕೊಮ್ಮೆ ಬಂದು ನೋಡುತ್ತೇವೆ ಎಂದು ಕಚೇರಿಯ ಮೇಡಂ ಹೇಳಿ ಕಳಿಸಿದರು.

ಕೈಗಾಡಿಯಲ್ಲಿ ಮಿಷನ್ನು ಬೀದಿಗೆ ಬಂದ ದಿನ ನಲ್ಲಿಯ ಹತ್ತಿರ ಹೆಂಗಸರು ಕೊಡ ಇಳಿಸಿ ನಿಂತರು.

"ನಮ್ಮನೆಯವರಿಗೆ ಒಂದು ಇಲಿ ಹೊಡೆಯೋಕೂ ಧೈರ್ಯ ಇಲ್ಲ," ಎಂದಳೊಬ್ಬಳು. "ನಮಗೆಲ್ಲಿಂದ ಬರ್ಬೇಕು ಮಿಷನ್ನು!"

ನಕ್ಕರು. ಅವಳು ಕೇಳಿಸಿಕೊಂಡಳು. ಮಿಷನ್ನನ್ನು ಒಳಗಿಟ್ಟು, ಬರೆದ ಹಲಗೆ ಗೋಡೆಗೆ ಒತ್ತುವ ಹಾಗೆ ತಿರುಗಿಸಿದಳು. ಹಾಗೆ ತಿರುಗಿಸಿದರೆ ಕೂರುವವರು ಬಾಗಿಲಿಗೆ ಬೆನ್ನು ಹಾಕಲೇಬೇಕು. ಅವಳು ಕೂತಳು.

ಬೆನ್ನ ಹಿಂದೆ ಬರುವವರನ್ನು ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿಯುವುದು ಬೇಗ ರೂಢಿಯಾಯಿತು. ಒಂದು ಮಧ್ಯಾಹ್ನ ಬಂದ ಸದ್ದಿಗೆ ಮಾತ್ರ ಅವಳ ಕಾಲು ಪೆಡಲಿನ ಮೇಲೆ ಮರಗಟ್ಟಿತು. ಟೈರಿನ ಅಟ್ಟೆಯ ಚಪ್ಪಲಿ. ಒಂದು ಹೆಜ್ಜೆ ಊರಿ, ಇನ್ನೊಂದನ್ನು ಸರ್ರೆಂದು ಎಳೆಯುವ ನಡಿಗೆ. ಕಾಲಿಗೆ ಹಿಂದೆಂದೋ ಪೆಟ್ಟಾಗಿದ್ದ ಆ ಜೊತೆಗಾರ ದಿನಾ ಬೆಳಿಗ್ಗೆ ಹೀಗೆಯೇ ಬಂದು, ಬಾಗಿಲಲ್ಲಿ ನಿಂತು, "ಅಣ್ಣಾ, ಹೊರಡೋಣ್ವಾ?" ಎಂದು ಅವಳ ಗಂಡನನ್ನು ಕೂಗುತ್ತಿದ್ದ.

ಸದ್ದು ಬಾಗಿಲಿಗೆ ಬಂದು ನಿಂತಿತು. ಏನೂ ಕೂಗಲಿಲ್ಲ. ಅವಳು ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎಳೆದುಕೊಂಡು ಹೊರಟುಹೋಯಿತು.

ಮರುದಿನವೂ ಬಂತು. ಅದರ ಮರುದಿನವೂ. ಮಗಳಿಗೆ ಜ್ವರ ಬಂದು ಮನೆಯಲ್ಲೇ ಮಲಗಿದ್ದ ದಿನ, ಅವಳು ಗೋಡೆ ನೋಡುತ್ತಲೇ ಪಿಸುಗುಟ್ಟಿದಳು: "ಬಾಗಿಲಲ್ಲಿ ಯಾರಿದಾರೆ ನೋಡೇ. ಯಾರೂ ಇಲ್ಲ ತಾನೇ?"

"ಒಬ್ಬರು ಅತ್ತೆ ನಿಂತಿದಾರೆ," ಎಂದಿತು ಮಗು. "ಗಂಡಸರ ಚಪ್ಪಲಿ ಹಾಕ್ಕೊಂಡಿದಾರೆ."

ಅವಳು ಮೆಲ್ಲಗೆ ತಿರುಗಿದಳು. ಜೊತೆಗಾರನ ಹೆಂಡತಿ. ಗಂಡನ ಚಪ್ಪಲಿ ಅವಳ ಪಾದಕ್ಕೆ ದೊಡ್ಡದಾಗಿತ್ತು. ಅವನು ಎಳೆದೆಳೆದು ಸವೆದಿದ್ದ ಒಂದನ್ನಂತೂ ಎಳೆಯದೆ ನಡೆಯಲು ಆಗುತ್ತಿರಲಿಲ್ಲ.

"ಮಿಷನ್ ನೋಡೋಕೆ ಬಂದೆ," ಎಂದಳು ಬಂದವಳು.

"ಬಾ, ಕೂತ್ಕೋ."

"ನಿನ್ನ ಜೊತೆ ಕೂರೋಕೆ ಬಂದಿಲ್ಲ. ಆ ಕಚೇರಿಗೆ ನಾನೂ ಹೋಗಿದ್ದೆ. ಇದು ಒಳಗಿರೋರ ಮನೆಯವರಿಗೆ ಕೊಡೋದಮ್ಮ, ನಿಮ್ಮವರು ಒಳಗಿಲ್ವಲ್ಲ ಅಂದ ಗುಮಾಸ್ತ. ನಮ್ಮವರೂ ಒಳಗೇ ಇದಾರಪ್ಪಾ, ಮಣ್ಣೊಳಗೆ ಅಂದೆ. ಅದಕ್ಕೆ ಯೋಜನೆ ಇಲ್ಲ ಅಂದ." ಅವಳ ದನಿ ಏರಲಿಲ್ಲ. "ನನ್ನ ಗಂಡ ಸತ್ತಿದ್ದಕ್ಕೆ ತಾನೇ ನಿನಗೆ ಮಿಷನ್ ಬಂದಿದ್ದು? ಅರ್ಧ ದಿನ ಅದು ನಂದು."

ಬೆನ್ನಕ್ಕ ಎದ್ದು ಸ್ಟೂಲು ಬಿಟ್ಟುಕೊಟ್ಟಳು.

ಅಂದಿನಿಂದ ಬೆಳಿಗ್ಗೆ ಬೆನ್ನಕ್ಕ, ಮಧ್ಯಾಹ್ನ ಜೊತೆಗಾರನ ಹೆಂಡತಿ. ಬಂದವಳಿಗೆ ಹೊಲಿಗೆ ಬರುತ್ತಿರಲಿಲ್ಲ. ಬೆನ್ನಕ್ಕ ಹಿಂದೆ ನಿಂತು "ಎಡಕ್ಕೆ ಹಿಡಿ", "ದಾರ ಸಡಿಲ ಬಿಡು" ಎನ್ನುತ್ತಿದ್ದಳು. ಅಷ್ಟು ಬಿಟ್ಟರೆ ಬಹಳ ಕಾಲ ಬೇರೆ ಮಾತಿರಲಿಲ್ಲ. ಒಂದು ವರ್ಷ ಕಚೇರಿಯ ಮೇಡಂ ನೋಡಲು ಬಂದಾಗ ಮಿಷನ್ನಿನ ಮುಂದೆ ಅವಳು ಕೂತಿದ್ದಳು.

"ಇವರು ಯಾರು? ಬೇರೆಯವರಿಗೆ ಕೊಟ್ರೆ ವಾಪಸ್ ತಗೊಂಡು ಹೋಗ್ತೀವಿ ಅಂದಿರಲಿಲ್ವಾ?"

"ನನ್ನ ತಂಗಿ ಮೇಡಂ," ಎಂದಳು ಬೆನ್ನಕ್ಕ.

ಮೇಡಂ ಬೀದಿ ದಾಟುವವರೆಗೂ ಅವಳು ಸುಮ್ಮನಿದ್ದಳು. ಆಮೇಲೆ ಹಲ್ಲು ಕಚ್ಚಿ, "ಇನ್ನೊಂದ್ಸಲ ತಂಗಿ ಅಂದ್ರೆ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ," ಎಂದಳು.

ಮಗುವಿಗೆ ಮಾತ್ರ ತಂಗಿ ಎಂದದ್ದಷ್ಟೇ ಕೇಳಿತ್ತು. ಚಿಕ್ಕಮ್ಮ ಎಂದು ಕರೆಯತೊಡಗಿತು. ಅದರ ನಾಲಿಗೆಯನ್ನು ಅವಳು ಕೀಳಲಿಲ್ಲ.

ಪ್ರತಿ ಜೂನಿನಲ್ಲಿ ಶಾಲೆಗೆ ಒಂದು ಚೀಟಿ ಕೊಡಬೇಕಿತ್ತು, ಅಪ್ಪ ಇನ್ನೂ ಜೈಲಿನಲ್ಲೇ ಇದ್ದಾನೆ ಎನ್ನಲು. ಅಪ್ಪ ಬಿಡುಗಡೆಯಾದರೆ ನೆರವು ನಿಲ್ಲುತ್ತದೆ. ಒಮ್ಮೆ ಊಟದ ನಡುವೆ ಹುಡುಗಿ ಕೇಳಿದಳು: "ಅಮ್ಮಾ, ಅಪ್ಪ ಬೇಗ ಬರ್ಲಿ ಅಂತ ಬೇಡ್ಕೊಳ್ಳಾ, ನಾನು ಓದು ಮುಗಿಸೋವರೆಗೂ ಬರದೇ ಇರ್ಲಿ ಅಂತ ಬೇಡ್ಕೊಳ್ಳಾ?"

ಅಮ್ಮ ತಟ್ಟೆ ಬಿಟ್ಟು ಎದ್ದಳು. ಅಂದು ಅವಳು ಸಂಜೆಯಲ್ಲೂ ಗೋಡೆಯ ಕಡೆಗೇ ಮುಖ ಮಾಡಿ ಕೂತಿದ್ದಳು. ಹೊಲಿಯುತ್ತಿರಲಿಲ್ಲ.

*

ಪೊಲೀಸ್ ವ್ಯಾನು ಬೀದಿಯ ತಿರುವಿನಲ್ಲೇ ನಿಂತಿತು. ನಡೆದು ಬಂದವರು ಇಬ್ಬರು. ಒಬ್ಬ ಪೇದೆ, ಅವನ ಎಡಗೈಗೆ ಸರಪಳಿಯಲ್ಲಿ ಜೋಡಿಸಿದ್ದ ಬೇಡಿಯ ಇನ್ನೊಂದು ತುದಿಯಲ್ಲಿ ಗಂಡ. ಒಳಗೆ ಹೋದಾಗ ಕಂಬದಂತಿದ್ದವನು ಈಗ ಬಗ್ಗಿದ್ದ. ತಲೆ ಪೂರ್ತಿ ಬಿಳಿ. ಮೈಮೇಲೆ ಮಾತ್ರ ಮಡಿಕೆಯ ಗೆರೆ ಇನ್ನೂ ಹೋಗದ ಹೊಸ ನೀಲಿ ಗೆರೆಯಂಗಿ. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುವ ಮಗಳು, ಎಂಥ ರೋಗಿಗೂ ಕೈ ನಡುಗಿಸದವಳು, ಅಪ್ಪನ ಕೈ ಹಿಡಿಯಲು ಹೋಗಿ ಸರಪಳಿ ಮುಟ್ಟಿ ಕೈ ಹಿಂದೆಗೆದಳು.

ಅವನು ಹೆಣದ ಪಕ್ಕ ಕೂತ. ಪೇದೆಯೂ ಕೂರಬೇಕಾಯಿತು.

"ಸಣ್ಣಗಾಗಿದಾಳೆ," ಎಂದ ಅವನು.

ಅಷ್ಟರಲ್ಲಿ ಹಿತ್ತಿಲಿನಿಂದ ಸದ್ದು ಬಂತು. ಒಂದು ಹೆಜ್ಜೆ ಊರಿ, ಒಂದು ಎಳೆದು. ಚಪ್ಪಲಿಯ ಅಟ್ಟೆ ಎಷ್ಟೋ ಸಲ ಬದಲಾಗಿತ್ತು, ಬಾರು ಬದಲಾಗಿತ್ತು. ಸದ್ದು ಬದಲಾಗಿರಲಿಲ್ಲ. ಅವನ ಮುಖ ಬಿಳಿಚಿತು. ಥಟ್ಟನೆ ಎದ್ದು ನಿಂತ. ಸರಪಳಿ ಜಗ್ಗಿ ಪೇದೆಯೂ ಎದ್ದ. "ಏನಾಯ್ತಯ್ಯಾ?"

"ಅವನು..." ಎಂದ.

ಒಳಬಾಗಿಲಲ್ಲಿ ಅವಳು ಬಂದು ನಿಂತಳು. ಕೋರ್ಟಿನಲ್ಲಿ ಒಮ್ಮೆ ನೋಡಿದ್ದ ಮುಖ. ಅವಳು ಅವನ ಮುಖವನ್ನು ನೋಡುತ್ತಿರಲಿಲ್ಲ. ಅಂಗಿಯನ್ನು ನೋಡುತ್ತಿದ್ದಳು. ಒಂದೊಂದೇ ಗುಂಡಿಯನ್ನು, ಮೇಲಿನಿಂದ ಕೆಳಗೆ.

ಗುಂಡಿ ತೂರುವ ಕಾಜಾಗಳ ಎರಡೂ ತುದಿಗೆ ಒಂದು ಸುತ್ತು ಹೆಚ್ಚು ದಾರ ಹಾಕಿ ಬಿಗಿಯುವುದು ಅವಳದೊಬ್ಬಳದೇ ರೀತಿ. ಶೆಡ್ಡಿನಲ್ಲಿ ಬಗ್ಗಿ ಎದ್ದು ಕೆಲಸ ಮಾಡುತ್ತಿದ್ದ ಗಂಡನ ಅಂಗಿಯ ಕಾಜಾಗಳು ಯಾವಾಗಲೂ ಹರಿಯುತ್ತಿದ್ದವು. ಹೊಲಿಗೆ ಕಲಿತ ಮೇಲೆ, ಹರಿಯಲು ಅವನೇ ಇಲ್ಲದಿದ್ದರೂ, ಅವಳ ಕೈ ಹಾಗೆಯೇ ಬಿಗಿಯುತ್ತಿತ್ತು.

"ಇದು ನನ್ನ ಕೈದು," ಎಂದಳು ಮಗಳಿಗೆ. "ನಿಮ್ಮಮ್ಮ ನನ್ನ ಕೈಲಿ ಇವನಿಗೆ ಅಂಗಿ ಹೊಲಿಸಿದಾಳೆ."

"ಚಿಕ್ಕಮ್ಮಾ, ನನಗೆ ಗೊತ್ತಿರಲಿಲ್ಲ. ಅಪ್ಪ ಆಚೆ ಬರೋ ದಿನ ಹಾಕ್ಕೊಳ್ಳಲಿ ಅಂತ ಒಂದಂಗಿ ಹೊಲಿದು ಜೈಲಿನ ಕಚೇರೀಲಿ ಅಮ್ಮನೇ ಕೊಟ್ಟು ಬಂದಿದ್ಳು. ಕಾಜಾ ನಿಮ್ಮ ಕೈಲಿ ಹಾಕಿಸಿದಾಳೆ ಅಂತ..."

"ಗಿರಾಕಿದು ಅಂದ್ಳು ನನಗೆ." ಅವಳು ಹೆಣದ ಕಡೆ ತಿರುಗಿದಳು. "ಏನೇ, ಯಾವ ಗಿರಾಕಿನೇ ಇವನು?"

ರೇಡಿಯೋ ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಅವಳು ಚಪ್ಪಲಿ ಎಳೆಯುತ್ತ ಅವನ ಎದುರಿಗೆ ಬಂದಳು. "ಬಿಚ್ಚು."

"ಏನಮ್ಮಾ ಇದು?" ಎಂದ ಪೇದೆ. "ಇಂಥ ಹೊತ್ತಲ್ಲಿ..."

"ನೀವು ಸುಮ್ನಿರಿ ಸ್ವಾಮಿ. ನನ್ನ ಕೈ ಕೆಲಸ ಇವನ ಮೈಮೇಲೆ ಬೇಡ. ಬಿಚ್ಚೋ."

ಅವನು ಬಿಚ್ಚತೊಡಗಿದ. ಬೇಡಿ ಬಲಗೈಯಲ್ಲಿತ್ತು. ಎಡಗೈಯಿಂದ ಮೇಲಿನ ಗುಂಡಿ ಹಿಡಿದ. ಅದು ಜಾರಿತು. ಕಾಜಾ ಬಿಗಿಯಿತ್ತು. ಮತ್ತೆ ಹಿಡಿದ. ಒಂದು ಗುಂಡಿ ಬಿಚ್ಚಲು ಅವನು ಪಡುತ್ತಿದ್ದ ಪಾಡನ್ನು ನೋಡಲಾಗದೆ ಮಗಳು ಮುಂದೆ ಬಂದಳು. ಚಿಕ್ಕಮ್ಮ ಕೈ ಅಡ್ಡ ಹಿಡಿದು ತಡೆದಳು.

ಎರಡನೆಯ ಗುಂಡಿಗೆ ಬಂದಾಗ ಅವನು ತಲೆ ತಗ್ಗಿಸಿಯೇ ಹೇಳಿದ: "ಅವನು ನಗ್ತಿದ್ದ."

"ಏನು?"

"ಅವತ್ತು. ನಾನು ರಾಡ್ ಎತ್ತಿದಾಗ ಅವನು ನಗ್ತಾನೇ ಇದ್ದ. ತಮಾಷೆಗೆ ಎತ್ತಿದಾನೆ ಅಂದ್ಕೊಂಡಿದ್ದ ಅಂತ ಕಾಣತ್ತೆ." ಗುಂಡಿ ಮತ್ತೆ ಜಾರಿತು. "ಯಾವ ಮಾತಿಗೆ ಅಂತ ನೆನಪಿಗೆ ಬರಲ್ಲಮ್ಮ. ದಿನಾ ಯೋಚನೆ ಮಾಡ್ತೀನಿ. ಏನೋ ಅಂದ, ನಕ್ಕ. ಏನಂದ ಅನ್ನೋದು ಹೋಗ್ಬಿಟ್ಟಿದೆ. ನಗೋದು ಮಾತ್ರ ಹೋಗಲ್ಲ."

ನಗುತ್ತಿದ್ದ ಗಂಡನ ಮುಖವನ್ನು ನೆನಪಿನಲ್ಲಿ ಹುಡುಕುತ್ತಿರುವಂತೆ ಅವಳ ಕಣ್ಣು ಎಲ್ಲೋ ನೆಟ್ಟಿತ್ತು. ಆಸ್ಪತ್ರೆಯ ಶವಾಗಾರದಲ್ಲಿ ಅವಳಿಗೆ ತೋರಿಸಿದ್ದು ಬೇರೆಯೇ ಮುಖ. ಇಷ್ಟು ವರ್ಷ ಅವಳ ಬಳಿ ಇದ್ದದ್ದು ಅದೊಂದೇ.

"ನಗ್ತಿದ್ರಾ," ಎಂದಳು ಕೊನೆಗೆ. ಕೇಳಿದಂತೆಯೂ ಇತ್ತು, ತನಗೆ ತಾನೇ ಹೇಳಿಕೊಂಡಂತೆಯೂ ಇತ್ತು.

"ಹೂಂ."

"ಸಾಕು, ಹಾಕ್ಕೋ." ದನಿ ಒರಟಾಗಿಯೇ ಇತ್ತು. "ಅವಳ ಮುಂದೆ ಬರೀ ಮೈಯಲ್ಲಿ ನಿಲ್ಲಬೇಡ."

ಅವನಿಂದ ಗುಂಡಿ ಹಾಕಿಕೊಳ್ಳಲೂ ಆಗಲಿಲ್ಲ. ಪೇದೆ ಎರಡೂ ಕೈಯೆತ್ತಿ, ಕಿರಿಯ ತಮ್ಮನಿಗೆ ಹಾಕಿದಂತೆ, ಗುಂಡಿ ಹಾಕಿದ.

*

ಸ್ಮಶಾನ ಹತ್ತಿರವೇ ಇತ್ತು. ಹೆಣ ಹೊತ್ತವರಲ್ಲಿ ಗಂಡನೂ ಒಬ್ಬ. ಸರಪಳಿ ಗಿಡ್ಡದಾದ್ದರಿಂದ ಪೇದೆಯೂ ಅವನ ಪಕ್ಕದಲ್ಲೇ, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಹೆಗಲು ಕೊಟ್ಟ. "ಇದೂ ಡ್ಯೂಟಿನೇ ಅನ್ಕೊಳ್ಳಪ್ಪ," ಎಂದು ಯಾರೋ ಹಿಂದಿನಿಂದ ಹೇಳಿದರು. ಯಾರೂ ನಗಲಿಲ್ಲ.

ಹೆಂಗಸರು ಹಿಂದೆ ನಡೆದರು. ಅವಳು ಎಲ್ಲರಿಗಿಂತ ಹಿಂದೆ.

ಇಳಿಸಿದ ಮೇಲೆ ಒಬ್ಬೊಬ್ಬರೇ ಹಿಡಿಮಣ್ಣು ಹಾಕಿದರು. ಗಂಡ ಬಗ್ಗಿ ಮಣ್ಣೆತ್ತಿದಾಗ ಪೇದೆಯ ಕೈಯೂ ನೆಲಕ್ಕೆ ಇಳಿಯಿತು. ಬರಿಗೈಯಲ್ಲಿ ಎತ್ತುವುದು ಸರಿಯೆನಿಸದೆ ಅವನೂ ಒಂದು ಹಿಡಿ ತುಂಬಿಕೊಂಡ. ಎರಡು ಕೈ ಒಟ್ಟಿಗೇ ಬಿಚ್ಚಿಕೊಂಡವು. ಮಗಳು ಹಾಕಿದಳು. ರೇಡಿಯೋ ಅಜ್ಜಿ ಅಳುತ್ತ ಹಾಕಿದಳು.

ಕೊನೆಗೆ ಅವಳು ಬಗ್ಗಿದಳು. ಮಣ್ಣನ್ನು ಮುಷ್ಟಿ ತುಂಬ ಹಿಡಿದು, ಗುಂಡಿಯ ಅಂಚಿನಲ್ಲಿ ನಿಂತು, ಒಳಗೆ ನೋಡಿದಳು. ಹಾಕಲಿಲ್ಲ. ಹಾಗೇ ತಿರುಗಿ ಹೊರಟಳು.

"ಚಿಕ್ಕಮ್ಮಾ, ಮಣ್ಣು..." ಎಂದಳು ಮಗಳು.

ಅವಳು ನಿಲ್ಲಲಿಲ್ಲ. ಗೇಟಿನ ಕಡೆಗೂ ಹೋಗಲಿಲ್ಲ. ಹುಲ್ಲು ಬೆಳೆದ ಒಳದಾರಿ ಹಿಡಿದು ಹಳೆಯ ಗೋರಿಗಳ ಕಡೆ ನಡೆದಳು. "ಹೊತ್ತಾಯ್ತು, ನಡಿ," ಎಂದು ಪೇದೆ ಮೆಲ್ಲಗೆ ಜಗ್ಗಿದರೂ ಗಂಡ ಕದಲದೆ ಅತ್ತಲೇ ನೋಡುತ್ತಿದ್ದ. ದೂರದಲ್ಲಿ, ಗೋಡೆಯ ಪಕ್ಕದಲ್ಲಿದ್ದ ತನ್ನ ಗಂಡನ ಗೋರಿಯ ಮುಂದೆ ಅವಳು ನಿಂತಳು. ಚಾಚಿದ ಕೈಯ ಮುಷ್ಟಿ ಬಿಗಿಯಾಗಿಯೇ ಇತ್ತು. ಬೆರಳ ಸಂದಿನಿಂದ ಸಣ್ಣಗೆ, ಒಂದೇ ಎಳೆಯಾಗಿ, ಮಣ್ಣು ಇಳಿಯುತ್ತಿತ್ತು.