ದೊಡ್ಡ ಡಾಕ್ಟರು ಆಡಿದ ಮಾತು

ಮುದುಕನನ್ನು ಮಗಳೂ ಅಳಿಯನೂ ಹೊತ್ತುಕೊಂಡೇ ಒಳಗೆ ತಂದರು. ಬಸ್ ಕಂಡಕ್ಟರಾಗಿದ್ದ ಜೀವ. ಈಗ ಮಂಚದ ಕಂಬಿ ಹಿಡಿದು ಹಲ್ಲು ಕಚ್ಚಿ ಮಲಗಿತ್ತು. ಹೊಕ್ಕುಳಿನವರೆಗೆ ಹೊಟ್ಟೆ ಕಲ್ಲಾಗಿತ್ತು.

"ಮೂತ್ರ ಹೋಗಿ ಎಷ್ಟು ಹೊತ್ತಾಯ್ತು?" ಡಾಕ್ಟರಮ್ಮ ಕೇಳಿದಳು.

"ನಿನ್ನೆ ಬೆಳಿಗ್ಗೆಯಿಂದ ಒಂದು ಹನಿ ಇಲ್ಲ," ಎಂದಳು ಮಗಳು.

"ನಿನ್ನೇನೇ ಯಾಕೆ ಕರ್ಕೊಂಡು ಬರಲಿಲ್ಲ?"

ಮಗಳು ಸೆರಗಿನಿಂದ ಅಪ್ಪನ ಹಣೆ ಒರೆಸಿದಳು.

ಮೂತ್ರ ತೆಗೆಯಲು ಹಾಕಿದ ಟ್ಯೂಬು ಅರ್ಧ ದಾರಿಯಲ್ಲೇ ನಿಂತಿತು. ಎರಡನೇ ಸಲ ತುದಿಯಲ್ಲಿ ರಕ್ತ ಕಂಡಿತು. ಡಾಕ್ಟರಮ್ಮ ಕೈ ತೆಗೆದಳು. ಜಬರದಸ್ತಿ ಮಾಡಿದರೆ ಮೂತ್ರದ ದಾರಿಯೇ ಹರಿಯುತ್ತದೆಂದು ದೊಡ್ಡ ಡಾಕ್ಟರು ಹೇಳಿಕೊಟ್ಟಿದ್ದರು. ಈ ಆಸ್ಪತ್ರೆಯಲ್ಲಿ ಅವಳಿಗೆ ಕತ್ತರಿ ಹಿಡಿಯುವುದನ್ನು ಕಲಿಸಿದವರು ಅವರೇ. ಎಲ್ಲರೆದುರು ಮಗಳೇ ಎಂದು ಕರೆಯುತ್ತಿದ್ದರು. ರಜೆ ಮುಗಿಸಿ ಇವತ್ತು ಮಧ್ಯಾಹ್ನ ಬರುವವರಿದ್ದರು. ಅಲ್ಲಿಯವರೆಗೆ ಕಾಯುವಂತಿರಲಿಲ್ಲ.

ಸ್ಕ್ಯಾನ್ ಯಂತ್ರ ಕೆಟ್ಟು ಬಟ್ಟೆ ಹೊದ್ದು ಕೂತಿತ್ತು. ಅವಳು ಬೆರಳಿಂದ ತಟ್ಟಿ ತಟ್ಟಿ ಮೂತ್ರಕೋಶದ ಅಂಚು ಹುಡುಕಿದಳು.

"ಸಿಸ್ಟರ್, ಇರೋದ್ರಲ್ಲೇ ದಪ್ಪ ಸೂಜಿ ಕೊಡಿ. ಗ್ಲೂಕೋಸ್ ಹಾಕೋ ಟ್ಯೂಬೂ ಬೇಕು."

"ಹೊಟ್ಟೆಗೇ ಚುಚ್ತೀರಾ ಮೇಡಂ?"

"ಬೇರೆ ಏನಿದೆ ನಮ್ಮ ಹತ್ರ?"

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕೆಳಹೊಟ್ಟೆಯ ನಡುವೆ ಸೂಜಿ ಇಳಿಸಿದಳು. ಬಕೆಟ್ಟಿಗೆ ಸೊರ್ ಎಂದು ಧಾರೆ ಬಿತ್ತು. ಮುದುಕನ ಮುಖ ಸಡಿಲವಾಯಿತು.

"ಹೋದ ಜೀವ ಬಂತು ಕಣಮ್ಮ. ನನ್ನ ಬಸ್ ಇದ್ದಿದ್ರೆ ನಿಂಗೆ ಟಿಕೆಟ್ಟೇ ಕೇಳ್ತಿರಲಿಲ್ಲ!"

ಎಲ್ಲರೂ ನಕ್ಕರು. ಮಗಳು ಮಾತ್ರ ಬಿಕ್ಕಿದಳು. "ನಮ್ದೇ ತಪ್ಪು ಡಾಕ್ಟರಮ್ಮ. ಹೋದ ತಿಂಗಳು ಅಪ್ಪನ್ನ ತೋರಿಸೋಕೆ ಬಂದಾಗ ದೊಡ್ಡ ಡಾಕ್ಟರು ಹೇಳಿದ್ರು: 'ನಾನಿಲ್ಲದಾಗ ಏನೇ ಆದ್ರೂ ಆ ಹುಡುಗಿ ಹತ್ರ ಹೋಗಬೇಡಿ. ಅವಳ ಕೈಗೆ ಸಿಕ್ಕಿದವರು ಉಳಿಯಲ್ಲ. ನಾನು ಬರೋತನಕ ತಡ್ಕೊಳ್ಳಿ.' ಅದಕ್ಕೇ ಕಾದ್ವಿ. ಇವತ್ತು ಅಪ್ಪನ ಕೈಲಿ ತಡ್ಕೊಳ್ಳೋಕಾಗ್ಲಿಲ್ಲ."

ಡಾಕ್ಟರಮ್ಮ ಪಟ್ಟಿಯ ಸುರುಳಿ ಕೆಳಗಿಟ್ಟಳು. ಟ್ಯೂಬಿಗೆ ಪಟ್ಟಿ ಅಂಟಿಸುವ ಕೆಲಸವನ್ನು ಸಿಸ್ಟರೇ ಮುಗಿಸಬೇಕಾಯಿತು.

ರಕ್ತಪರೀಕ್ಷೆಯಲ್ಲಿ, ಮೂತ್ರ ಕಟ್ಟಿ ಕಿಡ್ನಿಗೆ ಪೆಟ್ಟಾಗಿರುವುದು ಗೊತ್ತಾಯಿತು. ಮಧ್ಯಾಹ್ನ ಬಂದ ದೊಡ್ಡ ಡಾಕ್ಟರು ಸೂಜಿ ನೋಡಿ ಅವಳ ಬೆನ್ನು ತಟ್ಟಿದರು. "ಭಲೇ ಮಗಳೇ!"

"ನನ್ನ ಕೈಗೆ ಸಿಕ್ಕು ಸತ್ತವರು ಯಾರು ಸರ್?"

ಅವರು ಮುದುಕನ ಮುಖ ನೋಡಿದರು, ಅವನ ಮಗಳ ಮುಖ ನೋಡಿದರು. ಆಮೇಲೆ ನಕ್ಕರು. "ರೋಗಿಗಳನ್ನ ನಮ್ಮ ಹತ್ರಾನೇ ಉಳಿಸ್ಕೊಳ್ಳೋಕೆ ಒಂದು ಮಾತು ಆಡಿರ್ತೀವಪ್ಪ. ಅದನ್ನೇ ಹಿಡ್ಕೊಂಡು ಕೂರ್ತಾರಾ?"

"ಅವರು ಹಿಡ್ಕೊಂಡೇ ಕೂತ್ರು ಸರ್. ಒಂದು ದಿನ ಪೂರ್ತಿ."

ದೊಡ್ಡ ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ಅವಳು ಆಂಬುಲೆನ್ಸ್ ಕರೆಸಿ ಮುದುಕನನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದಳು. ವಾರಗಟ್ಟಲೆ ನರಳಿ ಅವನು ಚೇತರಿಸಿಕೊಂಡ. ಆದರೆ ಆಪರೇಷನ್ ಟೇಬಲ್ಲಿನ ಆಚೆ ಬದಿಗೆ ದೊಡ್ಡ ಡಾಕ್ಟರು ನಿಂತಾಗಲೆಲ್ಲ, ಹೊರಗೆ ಹೋಗಿ ಇವರು ನನ್ನ ಬಗ್ಗೆ ಏನನ್ನುತ್ತಾರೋ ಎಂದು ಅವಳ ಕೈ ಒಂದು ಗಳಿಗೆ ತಡವರಿಸುತ್ತಿತ್ತು. ಮುಂಚೆ ಆ ಕೈ ಎಂದೂ ತಡವರಿಸಿರಲಿಲ್ಲ.