ಜೇಬಿಗೆ ಹೊಲಿದ ಕೈ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಸದ್ದು ಮಾಡುವುದು ಹೊಲಿಗೆ ಯಂತ್ರ. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯೇ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಅಲ್ಲಿ ಬಟ್ಟೆ ಕತ್ತರಿಸುತ್ತಾನೆ, ಅತ್ತಿಗೆ ಯಂತ್ರ ತುಳಿಯುತ್ತಾರೆ, ಅಮ್ಮ ಗೋಡೆಗೊರಗಿ ಕೂತು ಗುಂಡಿ ಹಾಕುತ್ತಾಳೆ. ಆ ಕಸುಬಿನಿಂದ ತಪ್ಪಿಸಿಕೊಂಡವಳು ನಾನೊಬ್ಬಳೇ. ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಎರಡನೇ ತರಗತಿಗೆ ಟೀಚರ್. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಹೇಳಲಿ ಬಿಡಿ. ಈ ಕಥೆಯನ್ನು ತಣ್ಣಗೆ ಕೂತು ಹೇಳುವುದು ನನ್ನಿಂದಾಗದು.

ಅಣ್ಣನ ಮಗಳಿಗೆ ಏಳು ವರ್ಷ. ಆಳು ಪುಟ್ಟದು, ಬಾಯಿ ಚುರುಕು, ಅದಕ್ಕೆ ಎಲ್ಲರೂ ಅವಳನ್ನು ಮೆಣಸು ಎಂದೇ ಕರೆಯುತ್ತೇವೆ. ನನ್ನ ತರಗತಿಯಲ್ಲೇ ಓದುತ್ತಾಳೆ. ಅವಳು ಎಡಚಿ. ಚಮಚ, ಪೆನ್ಸಿಲ್, ಬಾಚಣಿಗೆ, ಏನು ಕೊಟ್ಟರೂ ಎಡಗೈಯೇ ಮುಂದೆ ಬರುತ್ತದೆ. ಅದರಲ್ಲೇನಿದೆ ದೊಡ್ಡ ಸುದ್ದಿ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಅದೇ ಸುದ್ದಿ, ಅದೇ ಜಗಳ.

ಎಡಗೈ ಕೆಟ್ಟದ್ದು ಎಂಬುದು ನಮ್ಮ ಮನೆತನಕ್ಕೆ ತಲೆತಲಾಂತರದಿಂದ ಬಂದ ಕಟ್ಟಳೆ. ಎಡಗೈ ಆಡಿದ ಬಟ್ಟೆ ತೊಟ್ಟವರಿಗೆ ಏಳಿಗೆಯಿಲ್ಲವಂತೆ, ಎಡಗೈಯಲ್ಲಿ ಬಡಿಸಿದ ಊಟ ಮೈಗೆ ಹತ್ತುವುದಿಲ್ಲವಂತೆ. ಊಟಕ್ಕೆ ಕೂತಾಗಲೆಲ್ಲ ಅಮ್ಮ ಉಳಿದ ಬಟ್ಟೆಯ ಪಟ್ಟಿಯೊಂದನ್ನು ತಂದು ಮೆಣಸಿನ ಎಡ ಮಣಿಕಟ್ಟನ್ನು ಕುರ್ಚಿಗೆ ಬಿಗಿಯುತ್ತಿದ್ದಳು. ಮಗು ಬಲಗೈಯಲ್ಲಿ ಚಮಚ ಹಿಡಿದು, ಅರ್ಧ ಊಟವನ್ನು ಮಡಿಲಿಗೆ ಚೆಲ್ಲಿಕೊಂಡು, ಅದಕ್ಕೂ ಬೈಸಿಕೊಂಡು, ಹಸಿದೇ ಏಳುತ್ತಿತ್ತು. ಅತ್ತಿಗೆ ತಲೆ ತಗ್ಗಿಸಿ ಬಡಿಸುತ್ತಿದ್ದರು. ಅಣ್ಣ ತಟ್ಟೆಯಿಂದ ಕಣ್ಣೆತ್ತುತ್ತಿರಲಿಲ್ಲ. ನಾನು ಗಂಟು ಬಿಚ್ಚುವುದು, ಅಮ್ಮ ಮತ್ತೆ ಕಟ್ಟುವುದು, ಇದು ದಿನನಿತ್ಯದ ಪಾಡು.

ಶಾಲೆಯಲ್ಲಿ ಮಾತ್ರ ಆ ಕೈಗೆ ಬಿಡುಗಡೆ. ಬರೀ ಪುಸ್ತಕ ಓದಿಸಿ ಕೈತೊಳೆದುಕೊಳ್ಳುವ ಜಾಯಮಾನ ನನ್ನದಲ್ಲ. ಒದ್ದೆ ಹತ್ತಿಯಲ್ಲಿ ಕಾಳು ಮೊಳಕೆ ಬರಿಸಿ ದಿನದಿನವೂ ಅದರ ಚಿತ್ರ ಬರೆಸುತ್ತೇನೆ. ಆಟದ ಬಯಲನ್ನು ಮಕ್ಕಳ ಪಾದದಿಂದಲೇ ಅಳೆಸುತ್ತೇನೆ. ಎಲೆಗೆ ಬಣ್ಣ ಬಳಿದು ಕಾಗದಕ್ಕೆ ಒತ್ತಿಸುತ್ತೇನೆ. ಸಂಜೆಯ ಹೊತ್ತಿಗೆ ತರಗತಿ ಸಂತೆಯಂತಾಗಿ, ಕಸ ಗುಡಿಸುವ ಆಯಾ ನನ್ನ ಮೇಲೆ ಉರಿದುಬೀಳುತ್ತಾಳೆ. ಆಗ ನಾವು ಮಾಡುತ್ತಿದ್ದ ಪಾಠ, ಊರಿಗೆ ನೆರವಾಗುವ ಜನರದ್ದು. ಅದಕ್ಕಾಗಿ ಅಗ್ನಿಶಾಮಕ ಠಾಣೆಗೆ ಪ್ರವಾಸ ನಿಗದಿಯಾಗಿತ್ತು. ಮಕ್ಕಳೆಲ್ಲ ಸೇರಿ ರಟ್ಟಿನ ಪೆಟ್ಟಿಗೆಯಲ್ಲಿ ಅಗ್ನಿಶಾಮಕ ವಾಹನ ಕಟ್ಟಿದರು. ಅದರ ಏಣಿಯನ್ನು ಕಡ್ಡಿಗಳಿಂದ ಜೋಡಿಸಿದ್ದು ಮೆಣಸು, ಎಡಗೈಯಲ್ಲಿ, ನಾಲಿಗೆಯ ತುದಿ ಹೊರಹಾಕಿಕೊಂಡು. ಠಾಣೆಯವರಿಗೆ ಕೇಳಲು ಪ್ರಶ್ನೆಗಳನ್ನೂ ತಯಾರು ಮಾಡಿಸಿದೆ. ಬೇಕರಿಯವನ ಮಗ, ಠಾಣೆಗೇ ಬೆಂಕಿ ಬಿದ್ದರೆ ಇವರು ಯಾರಿಗೆ ಫೋನ್ ಮಾಡುತ್ತಾರೆ ಎಂದು ಕೇಳುವುದಾಗಿ ಹಟ ಹಿಡಿದ. ಮೆಣಸಿಗೆ ಪ್ರಶ್ನೆ ಬೇಕಿರಲಿಲ್ಲ. ಚಾಲಕನ ಸೀಟಿನಲ್ಲಿ ಕೂತು ಗಂಟೆ ಬಾರಿಸಬೇಕು, ಅಷ್ಟೇ. ಮನೆಯಲ್ಲಿ ಉಂಡರೂ ಎದ್ದರೂ ಅದೇ ಜಪ.

ಅದೇ ವಾರ ಅಂಗಡಿಗೆ ಬಂದ ಗಿರಾಕಿಯೊಬ್ಬರಿಗೆ ಮೆಣಸು ಓಡಿಬಂದು ಗುಂಡುಸೂಜಿ ಕೊಟ್ಟಳು. ಎಡಗೈಯಲ್ಲಿ. ಗಿರಾಕಿ ನಕ್ಕು, ಇವಳು ಎಡಚಿಯಾ ಎಂದರು. ಅವರು ಹೋದ ಮೇಲೆ ಅಮ್ಮ ಕಾದ ಇಸ್ತ್ರಿಪೆಟ್ಟಿಗೆಯ ಅಂಚನ್ನು ಮಗುವಿನ ಎಡಗೈಗೆ ತಾಗಿಸಿದಳು. ತರಗತಿ ಒಪ್ಪ ಮಾಡಿ ನಾನು ಶಾಲೆಯಿಂದ ತಡವಾಗಿ ಬಂದಾಗ ಮೆಣಸು ಮಂಚದ ಕೆಳಗಿದ್ದಳು. ಕೈ ಮೇಲೆ ಬೊಬ್ಬೆ ಎದ್ದಿತ್ತು. ಅಂದಿನಿಂದ ಅವಳ ಬಾಯಿಗೆ ಬೀಗ ಬಿತ್ತು, ಹಾಸಿಗೆ ಒದ್ದೆಯಾಗತೊಡಗಿತು.

"ಅಮ್ಮ, ಮಗೂ ಕೈ ಸುಡೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತು?" ಎಂದೆ.

"ನಾನೇನು ಅವಳಿಗೆ ಶತ್ರುನಾ? ನಾಳೆ ಇನ್ನೊಂದು ಮನೆ ಸೇರೋ ಹುಡುಗಿ. ಅಲ್ಲಿ ಎಡಗೈಲಿ ಬಡಿಸಿದ್ರೆ ಅವಳನ್ನ ಬೈಯಲ್ಲ, ಬೆಳೆಸಿದ ನಮ್ಮನ್ನ ಬೈತಾರೆ."

"ಗುಂಗುರು ಕೂದಲಿನ ಮಗು ಹುಟ್ಟಿದ್ರೆ ತಲೆಗೆ ಬರೆ ಹಾಕ್ತೀಯಾ? ಇದೂ ಹಾಗೇ ಅಮ್ಮ, ಹುಟ್ಟಿನಿಂದ ಬಂದಿದ್ದು. ಅವಳೇನು ಬೇಕಂತ ಮಾಡ್ತಿಲ್ಲ."

"ನಾಲ್ಕಕ್ಷರ ಕಲಿತು ನನಗೇ ಪಾಠ ಹೇಳ್ಬೇಡ. ಬಗ್ಗೋ ವಯಸ್ಸಲ್ಲೇ ಬಗ್ಗಿಸ್ಬೇಕು. ಒಂದೆರಡು ಸಲ ನೋವಾಗತ್ತೆ, ಆಮೇಲೆ ತಾನೇ ದಾರಿಗೆ ಬರ್ತಾಳೆ."

ಅಣ್ಣನ ಕಡೆ ತಿರುಗಿದೆ. ಅಮ್ಮ ದೊಡ್ಡವಳು, ಅನುಭವ ಇದೆ, ಆದರೂ ಇಸ್ತ್ರಿಪೆಟ್ಟಿಗೆ ಸ್ವಲ್ಪ ಹೆಚ್ಚಾಯಿತು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಸ್ವಲ್ಪ ಹೆಚ್ಚಾಯಿತಂತೆ! ಹೆತ್ತ ಅಪ್ಪನ ಬಾಯಲ್ಲಿ ಬರುವ ಮಾತೇ ಇದು? ಇನ್ನೊಮ್ಮೆ ಆ ಕೈ ಮುಟ್ಟಿದರೆ ಮಗುವನ್ನು ಕರೆದುಕೊಂಡು ಮನೆ ಬಿಟ್ಟು ಹೋಗುತ್ತೇನೆ ಎಂದು ನಾನು ಕೂಗಾಡಿದೆ. ಅಮ್ಮ ಸೂಜಿಗೆ ದಾರ ಪೋಣಿಸಿಕೊಂಡು ಗುಂಡಿ ಹಾಕಲು ಕೂತಳು. ಸೋತಳೆಂದು ಎಣಿಸಿದೆ.

ಪ್ರವಾಸದ ದಿನ ಬಸ್ಸಿನ ವ್ಯವಸ್ಥೆ ನೋಡಲು ನಾನು ಬೇಗನೆ ಮನೆ ಬಿಟ್ಟೆ. ಮೆಣಸು ಆಮೇಲೆ ಅಣ್ಣನ ಜೊತೆ ಬಂದಳು. ಉದ್ದ ತೋಳಿನ ಸಮವಸ್ತ್ರದ ಅಂಗಿ, ಎಡಗೈ ಲಂಗದ ಜೇಬಿನಲ್ಲಿ. ಏನು ಸಾಹೇಬರೇ, ಜೇಬಿಗೆ ಕೈ ಹಾಕಿಕೊಂಡು ತನಿಖೆಗೆ ಹೊರಟಿರೋ ಎಂದು ಕಿಚಾಯಿಸಿದೆ. ಅವಳು ನಕ್ಕು ಬಸ್ಸು ಹತ್ತಿದಳು.

ಠಾಣೆಯಲ್ಲಿ ಮಕ್ಕಳ ಸಂಭ್ರಮ ಹೇಳತೀರದು. ಶಿರಸ್ತ್ರಾಣ ಹಾಕಿಕೊಂಡು ಕಣ್ಣು ಮುಚ್ಚಿಹೋಗಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಠಾಣಾಧಿಕಾರಿ ಕೊಳವೆಯಿಂದ ನೀರು ಚಿಮ್ಮಿಸಿ ತೋರಿಸಿದರು. ಬೇಕರಿಯವನ ಮಗನ ಪ್ರಶ್ನೆಗೆ ಬಿದ್ದುಬಿದ್ದು ನಕ್ಕರು. ಕೊನೆಗೆ ಒಬ್ಬೊಬ್ಬರೇ ಎರಡೂ ಬದಿಯ ಸರಳು ಹಿಡಿದು ವಾಹನ ಹತ್ತಿ ಸೀಟಿನಲ್ಲಿ ಕೂರಬಹುದು ಎಂದರು. ಸಾಲಿನಲ್ಲಿ ಮೊದಲು ನಿಂತವಳು ಮೆಣಸು. ಬಲಗೈಯಲ್ಲಿ ಸರಳು ಹಿಡಿದು ಒಂದು ಮೆಟ್ಟಿಲು ಏರಿದಳು. ಅದರ ಮೇಲಿನ ಮೆಟ್ಟಿಲು ನೀರಿನಿಂದ ಒದ್ದೆಯಾಗಿತ್ತು. ಕಾಲು ಜಾರಿತು. ಇನ್ನೊಂದು ಕೈಯನ್ನು ಚಾಚಲು ಅವಳು ಜೇಬಿನೊಳಗೆ ಎಳೆದಾಡಿದ್ದನ್ನು ಹಿಂದೆ ನಿಂತಿದ್ದ ನಾನು ಕಂಡೆ. ಕೈ ಹೊರಗೆ ಬರಲಿಲ್ಲ. ನಾನು ಮುಂದೆ ನುಗ್ಗುವಷ್ಟರಲ್ಲಿ ಮಗು ಬಲಮಗ್ಗುಲಾಗಿ ಸಿಮೆಂಟ್ ನೆಲಕ್ಕೆ ಅಪ್ಪಳಿಸಿತು.

ಎತ್ತಲು ಹೋದವಳು ನೋಡಿದೆ. ಅಂಗಿಯ ತೋಳಿನ ತುದಿಯನ್ನು ಲಂಗದ ಜೇಬಿನ ಬಾಯಿಗೆ ಸೇರಿಸಿ ಸುತ್ತಲೂ ಹೊಲಿದಿತ್ತು. ಬಣ್ಣಕ್ಕೆ ಬಣ್ಣ ಕೂಡಿಸಿದ ದಾರ, ಸಣ್ಣ ಒತ್ತು ಹೊಲಿಗೆ. ಗುಂಡಿ ಹಾಕುವಾಗ ಅಮ್ಮ ಹಾಕುವ ಹೊಲಿಗೆ. ನಮ್ಮ ಮನೆಯ ಹೊಲಿಗೆ ಬಿಡುವುದಿಲ್ಲ ಎಂದು ಊರೆಲ್ಲ ಹೊಗಳುತ್ತದೆ, ಅದು ಬಿಡಲಿಲ್ಲ. ಠಾಣಾಧಿಕಾರಿ ಚಾಕುವಿನಿಂದ ಅದನ್ನು ಸೀಳಿ ಕೈ ಬಿಡಿಸಿದರು.

"ಅಜ್ಜಿ ಹೊಲಿದ್ರು. ನಿಮಗೆ ಹೇಳಿದ್ರೆ ಪ್ರವಾಸಕ್ಕೆ ಕಳಿಸಲ್ಲ ಅಂದ್ರು. ಅದಕ್ಕೇ ಹೇಳಲಿಲ್ಲ ಅತ್ತೆ," ಎಂದಳು ಮೆಣಸು. ಮನೆಯಾಚೆ ನನ್ನನ್ನು ಟೀಚರ್ ಎಂದೇ ಕರೆಯಬೇಕೆಂಬುದು ನೋವಿನಲ್ಲಿ ಅವಳಿಗೆ ಮರೆತಿತ್ತು.

ಬಲ ಮುಂಗೈಯ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಬೆರಳಿನಿಂದ ಮೊಣಕೈ ದಾಟುವವರೆಗೂ ಪ್ಲಾಸ್ಟರ್ ಹಾಕಿದರು. ಸುದ್ದಿ ತಿಳಿದು ಓಡಿಬಂದ ಅಣ್ಣ ಹೊರಗಿನ ಬೆಂಚಿನ ಮೇಲೆ ಕೂತ. ನಾನು ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು ಮೆಲ್ಲಗೆ ಬಾಯಿಬಿಟ್ಟ.

"ನಮ್ಮಪ್ಪನೂ ಎಡಚರೇ. ಕತ್ತರಿಸೋವಾಗ ಬಾಗಿಲು ಹಾಕ್ಕೊಳ್ತಿದ್ರಲ್ಲ, ಅದು ಇದಕ್ಕೇ. ಈ ಊರಿನವರೆಲ್ಲ ತೊಟ್ಟಿದ್ದು ಎಡಗೈಲಿ ಕತ್ತರಿಸಿದ ಬಟ್ಟೇನೇ. ಕೆಲಸ ಕಲೀವಾಗ ನೋಡಿದ್ದೆ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು."

ಬದುಕಿಡೀ ಸ್ವಂತ ಅಂಗಡಿಯಲ್ಲಿ ಕಳ್ಳನ ಹಾಗೆ ಬಾಗಿಲು ಹಾಕಿಕೊಂಡು ದುಡಿದ ನನ್ನ ಅಪ್ಪ! ಅವರು ಕತ್ತರಿಸಿದ ಬಟ್ಟೆ ತೊಟ್ಟು ಊರಿನಲ್ಲಿ ಮದುವೆಗಳಾಗಿವೆ, ಮಕ್ಕಳಾಗಿವೆ, ಮನೆಗಳೆದ್ದಿವೆ. ಯಾರ ಏಳಿಗೆ ಕೆಟ್ಟಿತು? ಇಷ್ಟು ತಿಳಿದೂ ಅಣ್ಣ ಮಗಳ ಕೈ ಕಟ್ಟಿಸಿಕೊಂಡು ಕೂತಿದ್ದ. ಓದುವವರೇ, ಪದ್ಧತಿಗಳು ಬದುಕುವುದು ಅವುಗಳಲ್ಲಿ ಹುರುಳಿದೆ ಎಂದಲ್ಲ. ಸುಳ್ಳೆಂದು ಗೊತ್ತಿದ್ದವರು ಬಾಯಿ ಮುಚ್ಚಿಕೊಂಡಿರುವುದರಿಂದ. ನಿಮ್ಮ ಮನೆಯಲ್ಲೂ ಅಂಥವರು ಇದ್ದಾರೆಯೇ, ನೀವೇ ನೋಡಿಕೊಳ್ಳಿ.

ಆ ದಿನ ಸಂಜೆ ಊಟಕ್ಕೆ ಕೂತೆವು. ಅಮ್ಮನ ಮುಖದಲ್ಲಿ ಗಾಬರಿಯಿತ್ತು, ಅದು ನಿಜ. ಮೊಮ್ಮಗಳ ತಲೆ ಸವರಿ ಕಣ್ಣೊರೆಸಿಕೊಂಡಳು. ಹೊರಗಿನವರ ಮುಂದೆ ಮನೆತನದ ಮರ್ಯಾದೆ ಹೋಗಬಾರದೆಂದು ಹೊಲಿದೆ, ಹೀಗಾಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ ಎಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಕರಗುತ್ತಿದ್ದೆನೇನೋ. ಆದರೆ ಬಲಗೈ ಮುರಿದದ್ದೇ ಎಡಗೈಯ ಅಪಶಕುನದಿಂದ ಎಂದು ಸೇರಿಸಿದಳು. ಪ್ಲಾಸ್ಟರ್ ಬಿಚ್ಚುವ ತನಕ ತಾನೇ ತಿನ್ನಿಸುವುದಾಗಿ ಹೇಳಿ ಚಮಚ ತುಂಬಿ ಮೆಣಸಿನ ಬಾಯಿಯ ಮುಂದೆ ಹಿಡಿದಳು.

ಮೆಣಸು ಮುಖ ಆಚೆ ತಿರುಗಿಸಿದಳು. "ನಾನೇ ಉಣ್ತೀನಿ," ಎಂದಳು. ಎಷ್ಟೋ ದಿನಗಳ ಮೇಲೆ ಅವಳ ದನಿ ಮೊದಲಿನ ಹಾಗೆ ಗಟ್ಟಿಯಾಗಿ ಕೇಳಿತು.

ಅಮ್ಮ ಚಮಚವನ್ನು ಮತ್ತೆ ಮುಂದೆ ತಂದಳು. ಮೆಣಸು ತುಟಿ ಬಿಗಿದಳು. ನಾನು ಎದ್ದು ನಿಲ್ಲುವಷ್ಟರಲ್ಲಿ ಅತ್ತಿಗೆ ಬಂದು ಅಮ್ಮನ ಕೈಯಿಂದ ಚಮಚ ತೆಗೆದುಕೊಂಡರು. ಮದುವೆಯಾಗಿ ಬಂದಾಗಿನಿಂದ ಆ ಹೆಂಗಸು ಅಮ್ಮನಿಗೆ ಎದುರಾಡಿದ್ದನ್ನು ನಾನು ಕಂಡಿಲ್ಲ. ಚಮಚವನ್ನು ಮಗಳ ಎಡಗೈಗೆ ಕೊಟ್ಟು, ಸುಟ್ಟ ಗಾಯದ ಮೇಲೆ ತಮ್ಮ ಬೆರಳನ್ನು ಒಂದು ಕ್ಷಣ ಇಟ್ಟರು.

"ಬೆಳಿಗ್ಗೆ ನೀವು ಹೊಲಿಯೋದನ್ನ ನಾನು ನೋಡ್ದೆ ಅತ್ತೆ. ನೋಡಿ ಸುಮ್ಮನಿದ್ದೆ. ಇನ್ನು ಸುಮ್ಮನಿರಲ್ಲ," ಎಂದರು.

ಅಮ್ಮ ಮಗನ ಮುಖ ನೋಡಿದಳು. ಅಣ್ಣ ಕಣ್ಣು ತಪ್ಪಿಸದೆ ಅವಳನ್ನೇ ನೋಡಿ, ಇವಳು ಹೇಳುವುದು ಸರಿ ಎಂದ. ಅಮ್ಮ ತನ್ನ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

"ಈ ಮನೇಲಿ ಎಡಗೈಲಿ ಉಣ್ಣೋರ ಜೊತೆ ಕೂತು ನಾನು ಉಣ್ಣಲ್ಲ."

"ಹಾಗಾದ್ರೆ ಉಣ್ಣಬೇಡಿ ಅತ್ತೆ," ಎಂದರು ಅತ್ತಿಗೆ.

ಅಮ್ಮ ಎದ್ದು ಒಳಗೆ ಹೋದಳು. ಯಾರೂ ಅವಳನ್ನು ಕರೆಯಲು ಹೋಗಲಿಲ್ಲ. ಮೆಣಸು ಒಂದಗುಳೂ ಚೆಲ್ಲದೆ ತಟ್ಟೆ ಖಾಲಿ ಮಾಡಿ, ಇನ್ನಷ್ಟು ಬಡಿಸು ಎಂದು ತನ್ನಮ್ಮನಿಗೆ ಎಡಗೈಯಿಂದಲೇ ತಟ್ಟೆ ಚಾಚಿದಳು. ಅತ್ತಿಗೆ ಬಡಿಸಿದರು.