ಹಾಲೆರೆಯುವ ಮೊದಲು ಆಡಿದ ಮಾತು

ನಾನು ಒಂದು ಮಂಜಿ. ಹಾಯಿ ಕಟ್ಟಿಕೊಂಡು ಕರಾವಳಿಯುದ್ದಕ್ಕೂ ಸರಕು ಹೊತ್ತ ಮರದ ಹಡಗು. ಹೊಳೆ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ಆಚಾರಿಗಳು ನನ್ನನ್ನು ಕಟ್ಟಿದರು. ಹಲಗೆಯ ಸಂದಿಗೆ ಹತ್ತಿ ತುರುಕಿ, ಮೈಗೆಲ್ಲ ಎಣ್ಣೆ ಬಳಿದು ನೀರಿಗೆ ನೂಕಿದಾಗ ನಾನು ಓಲಾಡಿದ್ದು ಕಂಡು ದಡದ ಹೆಂಗಸರು ನಕ್ಕರಂತೆ. ನಗಲಿ ಬಿಡಿ. ಮೊದಲ ಹೆಜ್ಜೆಯಲ್ಲಿ ಓಲಾಡದವರು ಯಾರಿದ್ದಾರೆ?

ಕಟ್ಟಿಸಿದವರು ಹೆಂಚಿನ ವ್ಯಾಪಾರಿ ವಾಮನ ಕಾಮತರು. ಕಡಲೆಂದರೆ ಅವರಿಗೆ ಎದೆ ಡವಡವ. ಒಂದು ದಿನವೂ ನನ್ನ ಮೇಲೆ ಕಾಲಿಟ್ಟವರಲ್ಲ. ನನ್ನನ್ನು ನಡೆಸಿದವನು ಹೆರಿಯ ತಂಡೇಲ. ನೀರಿನ ಮೇಲೆ ತಂಡೇಲನ ಮಾತೇ ಮಾತು. ಅಳಿವೆಯ ಮರಳದಿಣ್ಣೆ ಎಲ್ಲಿ ಸರಿದಿದೆಯೆಂದು ಅವನು ಅಲೆಯ ಬಣ್ಣ ನೋಡಿಯೇ ಹೇಳುತ್ತಿದ್ದ. ಕಾಮತರಿಗೆ ವಯಸ್ಸಾದಾಗ ಅವನು ಹೆಂಡತಿ ಮುತ್ತಕ್ಕನ ಬಳೆ ಮಾರಿ ನನ್ನನ್ನು ತನ್ನವಳಾಗಿ ಮಾಡಿಕೊಂಡ. ಮುತ್ತಕ್ಕ ಒಂದು ವಾರ ಅವನೊಡನೆ ಮಾತು ಬಿಟ್ಟಳು. ಆಮೇಲೆ ತಾನೇ ಬಂದು ನನ್ನ ಮೂತಿಗೆ ಕುಂಕುಮ ಹಚ್ಚಿ ಹೋದಳು.

ಆಗ ನಮಗೆ ಒಂದು ಹಕ್ಕಿತ್ತು. ದೇಶದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಸರಕು ಒಯ್ಯುವುದಿದ್ದರೆ ಅದು ನಮ್ಮದೇ ದೇಶದ ಹಡಗಿಗೆ ಸಲ್ಲಬೇಕು. ಪರದೇಶದ ಬಾವುಟದವರು ಆ ಕೆಲಸಕ್ಕೆ ಕೈ ಹಾಕುವಂತಿಲ್ಲ. ಆ ನಿಯಮದ ನೆರಳಲ್ಲಿ ನಮ್ಮ ಬಂದರಿನ ಮಂಜಿಗಳೆಲ್ಲ ಬದುಕಿದ್ದವು. ಹೋಗುವಾಗ ಹೆಂಚು, ಬರುವಾಗ ಉಪ್ಪು, ಈರುಳ್ಳಿ. ಈರುಳ್ಳಿಯ ವಾಸನೆ ಮಾತ್ರ ನನಗೆ ಕೊನೆಗೂ ಒಗ್ಗಲಿಲ್ಲ.

ಮಳೆಗಾಲದಲ್ಲಿ ನಮ್ಮನ್ನೆಲ್ಲ ದಡಕ್ಕೆಳೆದು ತೆಂಗಿನ ಮಡಲು ಹೊದಿಸುತ್ತಿದ್ದರು. ನೂಲಹುಣ್ಣಿಮೆಗೆ ಕಡಲಿಗೆ ಹಾಲೆರೆದು ಕಾಯಿ ಬಿಡುವವರೆಗೆ ನಮಗೆ ನಿದ್ದೆ. ಹಾಲೆರೆಯುವ ಮೊದಲು ಮಂಜಿ ಹೊರಡುವ ಮಾತನ್ನು ಯಾರೂ ಎತ್ತಬಾರದೆಂಬುದು ನಮ್ಮ ಬಂದರಿನ ಕಟ್ಟು. ಹಿಂದೆ ಯಾವನೋ ಜಂಬದಿಂದ ಹೊರಡುವ ದಿನ ಹೇಳಿ, ಹೋದವನು ವಾಪಸು ಬರಲಿಲ್ಲವಂತೆ. ಹಾಗಾಗಿ ಆ ದಿನಗಳಲ್ಲಿ ಯಾರು ಏನೇ ಕೇಳಲಿ, ನಮ್ಮ ಆಡುಮಾತಿನಲ್ಲಿ 'ಇಲ್ಲೆ', ಅಂದರೆ ಇಲ್ಲ, ಎಂದುಬಿಡುವುದು. ಊರಿನವರಿಗೆ ಇದು ಗೊತ್ತಿತ್ತು; ಯಾರೂ ಕೇಳುತ್ತಲೂ ಇರಲಿಲ್ಲ.

ಒಂದು ಆಷಾಢದಲ್ಲಿ ಹೊರಗಿನವರು ಕೇಳಿದರು. ಜಡಿಮಳೆಯಲ್ಲಿ ಸರಕಾರಿ ಜೀಪು ಬಂದು ನಿಂತಿತು. ಕೊಡೆ ಹಿಡಿದ ಅಧಿಕಾರಿಯೊಬ್ಬರು ಖಾಲಿ ಬಂದರನ್ನು ದಿಟ್ಟಿಸಿ, ನನ್ನ ಹೊಟ್ಟೆಯ ಮರೆಯಲ್ಲಿ ಹಗ್ಗ ಹೆಣೆಯುತ್ತಿದ್ದ ಹೆರಿಯನ ಬಳಿ ಬಂದರು.

"ಇಲ್ಲಿಂದ ಸರಕು ಸಾಗಿಸುವ ಹಡಗುಗಳು ಇವೆಯೇ, ಯಜಮಾನರೇ?"

"ಇಲ್ಲೆ," ಎಂದ ಹೆರಿಯ.

"ಮಳೆ ಕಳೆದ ಮೇಲಾದರೂ ಯಾರಾದರೂ ಹೊರಡುತ್ತಾರೆಯೇ?"

"ಇಲ್ಲೆ."

ನನ್ನನ್ನೇ ಒರಗಿ ಕೂತು ನಾನಿಲ್ಲವೆಂದ! ನಾನು ಮಡಲಿನೊಳಗೆ ನಕ್ಕೆ. ಮಡಲು ಹೊದ್ದ ನಮ್ಮನ್ನು ಗುಡಿಸಲುಗಳೆಂದೇ ತಿಳಿದ ಅಧಿಕಾರಿ ಒಳ್ಳೆಯ ಮನುಷ್ಯ. ಹೆರಿಯ ಕೊಟ್ಟ ಎಳನೀರು ಕುಡಿದು, ಕೈಮುಗಿದು ಹೋದರು.

ಹಾಲೆರೆದದ್ದಾಯಿತು, ಕಾಯಿ ಬಿಟ್ಟದ್ದಾಯಿತು. ಹೆಂಚು ತುಂಬಲು ಹೋದ ಹೆರಿಯನನ್ನು ಕಾರ್ಖಾನೆಯ ಮ್ಯಾನೇಜರ್ ಬಾಗಿಲಲ್ಲೇ ತಡೆದರು. ಇಲ್ಲಿ ದೇಶದ ಹಡಗುಗಳೇ ಇಲ್ಲವೆಂಬ ಕಾರಣಕ್ಕೆ ನಮ್ಮ ಬಂದರಿಗೆ ಆ ನಿಯಮದಿಂದ ವಿನಾಯಿತಿ ಸಿಕ್ಕಿತ್ತು. ಇನ್ನು ಪರದೇಶದ ಹಡಗುಗಳೂ ಇಲ್ಲಿಂದ ಸರಕು ಒಯ್ಯಬಹುದು.

"ನಾನ್ ಎಂತ ಮಾಡುಕಾತ್ತ್, ಹೆರಿಯಣ್ಣ? ವಿಚಾರಿಸುಕೆ ಬಂದವ್ರಿಗೆ ಇಲ್ಲಿನ್ ತಂಡೇಲನೇ ಹೇಳಿದ್ನಂಬ್ರ್, ಹಡಗ್ ಇಲ್ಲೆ ಅಂದೇಳಿ."

ಹೆರಿಯ ಬಂದು ನನ್ನ ಪಕ್ಕ ಮರಳಿನಲ್ಲಿ ಕುಸಿದು ಕುಳಿತ. ನನ್ನ ಅಂದಿನ ನಗು ನನಗೇ ಚುಚ್ಚಿತು.

ಕಬ್ಬಿಣದ ಹಡಗುಗಳು ಬಂದವು. ನಾವು ತಿಂಗಳಿಡೀ ಹೊರುವುದನ್ನು ಒಂದೇ ಸಲಕ್ಕೆ ನುಂಗಿ ಹೋದವು. ಚಹಾದಂಗಡಿಯಲ್ಲಿ ತಂಡೇಲರು ಸೇರಿ, ಇಲ್ಲೆ ಎಂದ ಆ ಹೆಸರು ಗೊತ್ತಿಲ್ಲದವನಿಗೆ ಹಿಡಿಶಾಪ ಹಾಕಿದರು. "ಅವ್ನ ನಾಲ್ಗಿ ಸೇದ್ಹೋಯ್ಲಿ," ಎಂದ ಶೀನ. ಇವನು ನನ್ನ ಮೇಲೆಯೇ ಖಲಾಸಿಯಾಗಿ ಬೆಳೆದು, ಆಗಷ್ಟೇ ಸ್ವಂತ ಮಂಜಿ ಮಾಡಿದ್ದವನು. ಹೆರಿಯನೂ ಹೌದೆಂದು ತಲೆಯಾಡಿಸಿದ. ಮನೆಗೆ ಬಂದು, ಇಲ್ಲೆ ಎಂದವನು ತಾನೇ ಎಂದು ಮುತ್ತಕ್ಕನಿಗೆ ಹೇಳಿ ಅತ್ತ.

"ಸರಕಾರ ಒಬ್ಬನ್ ಮಾತ್ ಕೇಂಡ್ ಇಷ್ಟೆಲ್ಲ ಮಾಡತ್ತಾ?" ಎಂದು ಅವಳು ಸಮಾಧಾನ ಹೇಳಿದಳು.

ಇರಬಹುದು. ಆದರೆ ಶೀನನ ಮಂಜಿ ಸೌದೆಯ ಲೆಕ್ಕದಲ್ಲಿ ಮಾರಿಹೋದ ದಿನ ಹೆರಿಯ ಊಟ ಮುಟ್ಟಲಿಲ್ಲ. ಒಂದೊಂದಾಗಿ ಎಲ್ಲವೂ ಹೋದವು. ನಾನೊಬ್ಬಳೇ ಉಳಿದೆ. ಪ್ರತಿ ಮಳೆಗಾಲಕ್ಕೆ ಮೊದಲು ಅವನು ಬಂದು ಹೊಸ ಮಡಲು ಹೊದಿಸುತ್ತಿದ್ದ. ತಳದ ಹಲಗೆ ಗೆದ್ದಲಿಗೆ ಹೋದ ಮೇಲೂ ಬಿಡಲಿಲ್ಲ.

ಕೆಲವು ವರ್ಷಗಳ ಹಿಂದೆ, ಮತ್ತೊಂದು ಆಷಾಢದಲ್ಲಿ, ರೆಸಾರ್ಟಿನ ಮಾಲೀಕನೊಬ್ಬ ನನ್ನನ್ನು ನೋಡಲು ಬಂದ. ದಾರಿ ತೋರಿಸಲು ಬಂದವನು ಶೀನ. ಈಗ ಅವನು ಅಲ್ಲಿ ಕಾವಲುಗಾರ. ಮಾಲೀಕ ನನ್ನ ಮೈ ತಟ್ಟಿ, ಸುಮ್ಮನೆ ಬಾಯಿಮಾತಿಗೆ ಕೇಳಿದ: "ಇದು ಇನ್ನೂ ಕಡಲಿಗೆ ಇಳಿಯುತ್ತಾ?"

ಮಳೆ ಸುರಿಯುತ್ತಿತ್ತು. ನೂಲಹುಣ್ಣಿಮೆ ಇನ್ನೂ ದೂರವಿತ್ತು.

"ಇಳಿತ್ತ್!" ಹೆರಿಯ ಕೂಗಿಯೇಬಿಟ್ಟ. "ನಾಳೆಯೇ ಹೊರಡತ್ತ್! ಮಂಜಿ ಇತ್ತ್, ನಾನ್ ಇದ್ದೆ, ಬರ್ಕಣಿ!"

ಏನನ್ನು ಬರೆದುಕೊಳ್ಳಬೇಕೆಂದು ಮಾಲೀಕನಿಗೆ ಅರ್ಥವಾಗಲಿಲ್ಲ. ಹುಲ್ಲುಹಾಸಿನ ಮೇಲೆ ಕೂರಿಸಲು ಸಾಕು ಎಂದು ಹೇಳಿ ಕಾರಿನತ್ತ ನಡೆದ. ಶೀನ ಮಾತ್ರ ನಿಂತಲ್ಲೇ ನಿಂತ. ಹಾಲೆರೆಯುವ ಮೊದಲು ಯಾವ ತಂಡೇಲನೂ ಆಡದ ಮಾತು ಅದು; ಅಂದು ಜೀಪಿನಲ್ಲಿ ಬಂದವರಿಗೆ ಈಗ ಉತ್ತರ ಕೊಟ್ಟಂತಿತ್ತು.

"ಹೆರಿಯಣ್ಣ, ಅವತ್ತ್ ಇಲ್ಲೆ ಅಂದದ್ದ್ ನೀವಾ?"

"ಹೌದ್ ಶೀನ, ನಾನೇ."

ಶೀನ ಬಗ್ಗಿ ನನ್ನ ತೂತು ಬಿದ್ದ ತಳಕ್ಕೆ ಕೈಯಾಡಿಸಿದ. "ನನ್ನತ್ರ ಕೇಂಡಿದ್ರೆ ನಾನೂ ಇಲ್ಲೆ ಅಂದೇ ಹೇಳ್ತಿದ್ದೆ," ಎಂದ.

ಈಗ ನಾನು ರೆಸಾರ್ಟಿನ ಹುಲ್ಲಿನ ಮೇಲಿದ್ದೇನೆ. ನನ್ನೊಳಗೆ ಕುರ್ಚಿ ಹಾಕಿದ್ದಾರೆ. ಬಂದವರು ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮಳೆಗಾಲ ಶುರುವಾಗುವ ಹೊತ್ತಿಗೆ ಹೆರಿಯ ಮಡಲಿನ ಹೊರೆ ಹೊತ್ತು ಗೇಟಿಗೆ ಬರುತ್ತಾನೆ. ಮಡಲು ಹೊದಿಸಲು ಇಲ್ಲಿ ಅಪ್ಪಣೆಯಿಲ್ಲ. ಶೀನ ಅದನ್ನು ಅವನ ತಲೆಯಿಂದ ಇಳಿಸಿಕೊಂಡು, ಮಾಲೀಕನ ಕಣ್ಣಿಗೆ ಬೀಳದಂತೆ ನನ್ನ ಹೊಟ್ಟೆಯ ಕೆಳಗೆ ಸರಿಸಿಡುತ್ತಾನೆ.